ಅರ್ಧ ಕೂಸಿಗೆ ಕೇಸರಿ

ಮೊಮ್ಮಗಳ ಬಟ್ಟೆ ಬಿಚ್ಚಿದ ಹೀರಾ "ಅಯ್ಯೋ ದೇವ್ರೇ!" ಎಂದು ಕೂಗಿದ ರಭಸಕ್ಕೆ ಅಂಕೋಲೆಯ ಆ ಆಸ್ಪತ್ರೆಯ ಬಾಣಂತಿಯರೆಲ್ಲ ಎದ್ದು ಕುಳಿತರು. ಮಗ್ಗುಲಾಗಿ ಮಲಗಿದ್ದ ಮೂರು ದಿನದ ಕೂಸು ನಡುವೆ ಗೆರೆ ಎಳೆದಂತೆ ಎರಡು ಬಣ್ಣವಾಗಿತ್ತು. ಮೇಲಿನ ಅರ್ಧ ಬೆಳ್ಳಗೆ, ಹಾಸಿಗೆಗೆ ತಾಗಿದ ಅರ್ಧ ಕೆಂಪು ದಾಸವಾಳ.

ಕೂಸಿನ ತಾಯಿ ಗಾಯತ್ರಿ ಗಾಬರಿಯಿಂದ ಅದರತ್ತ ಬಾಗಿದಳು. ಅವಳ ಅತ್ತೆ ಹೀರಾ ಮಾತ್ರ ಆಗಲೇ ಕಾರಣ ಕಂಡುಹಿಡಿದಾಗಿತ್ತು. ಬಿಣಗಾದ ಮನೆಯಲ್ಲಿ, ಸೊಸೆ ಬಸುರಿಯಾದಂದಿನಿಂದ, ಕೂಸು ಬೆಳ್ಳಗೆ ಹುಟ್ಟಲಿ ಎಂದು ದಿನಾ ಸಂಜೆ ಕೇಸರಿ ಹಾಲು ಕಾಯಿಸಿ ಕೋಣೆಗೆ ಕಳಿಸಿದವಳು ಅವಳೇ. ಖಾಲಿ ಲೋಟ ಹೊರಗೆ ಬಂದ ಮೇಲೆಯೇ ಅವಳಿಗೆ ಊಟ ಸೇರುತ್ತಿದ್ದದ್ದು.

"ಹಾಲು ಕುಡ್ದು ಒಂದೇ ಮಗ್ಗುಲಿಗೆ ಮಲ್ಗಿದ್ದೆ ಅಲ್ವನೆ? ನೋಡು, ಕೇಸರಿ ಅರ್ಧ ಕೂಸಿಗೇ ತಾಗಿದ್ದು!"

"ಅತ್ತೆ, ಮೊದ್ಲು ಡಾಕ್ಟ್ರನ್ನ ಕರೀರಿ."

"ಡಾಕ್ಟ್ರು ಎಂತ ಮಾಡ್ತ್ರು? ಬಣ್ಣ ಸಮ ಆಗೂ ತನಕ ಇದನ್ನ ಯಾರಿಗೂ ತೋರ್ಸೂದು ಬೇಡ. ಹನ್ನೆರಡನೇ ದಿನದ ಬಾರಸೆನೂ ಬೇಡ. ಊರು ನಗ್ತದೆ."

ತೊಟ್ಟಿಲಿಗೆ ಹಾಕದೆ, ಹೆಸರಿಡದೆ ಕೂಸನ್ನು ಮುಚ್ಚಿಡುವುದೆ! ಗಾಯತ್ರಿಗೆ ಹೆದರಿಕೆಯನ್ನೂ ಮೀರಿ ಸಿಟ್ಟು ಬಂತು.

ಗಲಾಟೆ ಕೇಳಿ ಬಂದ ಡಾಕ್ಟರು ಕೂಸನ್ನು ಪರೀಕ್ಷಿಸಿ ಅಂಗಾತ ಮಲಗಿಸಿದರು. "ಕೆಲವು ಎಳೆಗೂಸುಗಳಿಗೆ ಹೀಗಾಗ್ತದೆ. ಕೆಳಗಿನ ಮಗ್ಗುಲಿಗೆ ರಕ್ತ ಇಳಿದದ್ದು, ಅಷ್ಟೆ. ಏನೂ ತೊಂದರೆ ಇಲ್ಲ." ಅವರು ಹೇಳಿ ಹೋದ ಸ್ವಲ್ಪ ಹೊತ್ತಿಗೆ ಗೆರೆ ಕರಗಿತು. ಕೂಸು ತನ್ನ ಎಣ್ಣೆಗಪ್ಪಿಗೆ ಮರಳಿ, ನೆಮ್ಮದಿಯಾಗಿ ಆಕಳಿಸಿತು.

"ಅಯ್ಯೋ, ಇದ್ದ ಅರ್ಧನೂ ಹೋಯ್ತಲ್ಲೆ!" ಹೀರಾ ಹಣೆ ಚಚ್ಚಿಕೊಂಡಳು. "ಅಷ್ಟು ಕೇಸರಿ ಎಲ್ಲಿಗೆ ಹೋಯ್ತು?"

ಗಾಯತ್ರಿ ಕೂಸನ್ನು ಎದೆಗೆ ಅವಚಿಕೊಂಡಳು. "ನಾ ಒಂದು ಗುಟುಕೂ ಕುಡೀಲಿಲ್ಲ, ಅತ್ತೆ. ವಾಸನೆಗೇ ವಾಂತಿ ಬರ್ತಿತ್ತು. ಎಲ್ಲಾ ಕುಡ್ದದ್ದು ನಿಮ್ಮ ಮಗ. ಬಾರಸೆ ಆಗೂದೇ ಸೈ. ಊರೆಲ್ಲ ಬರ್ಲಿ, ನೋಡ್ಲಿ."

ಅಷ್ಟರಲ್ಲಿ ಪಾಳಿ ಮುಗಿಸಿದ ಜಗದೀಶ ಹೆಂಡತಿ ಮಗುವನ್ನು ನೋಡಲು ಒಳಗೆ ಬಂದ. ಹೀರಾ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಣ್ಣ ಹುಟ್ಟಿದಾಗಿನದೇ, ತಾಯಿಯದೇ ಎಣ್ಣೆಗಪ್ಪು. ಹೊಟ್ಟೆ ಮಾತ್ರ, ಹೆರಿಗೆಗೆ ಸೇರಲು ಬಂದವನಂತೆ, ಅಂಗಿಯ ಗುಂಡಿ ಜಗ್ಗುತ್ತಿತ್ತು.