ಒಂದೆಳೆ ನೂಲು

“ನೋಡಿ, ಎಲ್ಲರೂ ನೋಡಿ! ಇದು ಹತ್ತಿಯಂತೆ!” ಸುಂಕದ ಅಧಿಕಾರಿ ಲೈಟರ್ ಆರಿಸಿ, ಚಿಮುಟವನ್ನು ಮೇಲೆತ್ತಿ ಹಿಡಿದ. ಕೈಚೀಲದಿಂದ ಕಿತ್ತು ಸುಟ್ಟ ನೂಲು ಕರಗಿ, ಪುಟ್ಟ ಕಪ್ಪು ಮಣಿಯಾಗಿತ್ತು. “ಹತ್ತಿ ಸುಟ್ರೆ ಬೂದಿ ಆಗುತ್ತೆ ಕಣಮ್ಮಾ. ಹೀಗೆ ಕರಗೋದು ಪಾಲಿಯೆಸ್ಟರ್. ಸುಂಕ ಕಡಿಮೆ ಆಗ್ಲಿ ಅಂತ ಹತ್ತಿ ಅಂದಿದೀರಾ. ನಿಮ್ಮಂಥ ಸುಳ್ಳುಗಾರರನ್ನ ದಿನಾ ನೋಡ್ತೀನಿ ನಾನು.”

ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ ಹಮಾಲರೆಲ್ಲ ಕೈ ನಿಲ್ಲಿಸಿ ನೋಡಿದರು. ಚೀಲಗಳನ್ನು ಹೊರದೇಶದಿಂದ ತರಿಸಿದ್ದ ಹೆಂಗಸು ಏನೋ ಹೇಳಲು ಬಾಯಿ ತೆರೆದಳು. ಹಿಂದೆ ತಿರುಗಿ ನೋಡಿ ಮುಚ್ಚಿದಳು. ಹಿಂದೆ ಬೆಂಚಿನ ಮೇಲೆ ಅವಳ ಅತ್ತೆ ಕೂತಿದ್ದರು. “ನನ್ನ ಕೆಲಸ ನೋಡೋಕೆ ಮೊದಲ್ನೇ ಸಲ ಬಂದಿದಾರೆ ಸರ್. ಸೊಸೆ ವ್ಯಾಪಾರ ಅಂದ್ರೆ ಇಷ್ಟು ದಿನ ಮೂಗು ಮುರೀತಿದ್ರು” ಎಂದು ಬೆಳಿಗ್ಗೆ ಅವಳೇ ಅವನಿಗೆ ನಗುನಗುತ್ತಾ ಹೇಳಿದ್ದಳು.

ಅಧಿಕಾರಿ ಆ ಚೀಲ ಹಿಡಿದು ಗೆದ್ದ ಗತ್ತಿನಲ್ಲಿ ತನ್ನ ಕೋಣೆಗೆ ಬಂದ. ಮಾದರಿಗೆಂದು ಚೀಲದ ಬದಿಯಿಂದ ಒಂದು ತುಂಡು ಬಟ್ಟೆ ಕತ್ತರಿಸಿದ. ಕೈ ಸುಮ್ಮನಿರಬೇಕಲ್ಲ, ಅದರಿಂದಲೂ ಒಂದೆಳೆ ಎಳೆದು ಸುಟ್ಟ. ಕಾಗದ ಸುಟ್ಟ ವಾಸನೆ ಬಂತು. ನೂಲು ಮೆತ್ತನೆಯ ಬೂದಿಯಾಗಿ ಮೇಜಿನ ಮೇಲೆ ಉದುರಿತು. ಇನ್ನೊಂದೆಳೆ ಸುಟ್ಟ, ಅದೂ ಬೂದಿ. ಚೀಲವನ್ನು ತಿರುವಿ ನೋಡಿದರೆ, ಆಗ ಅವನು ಕಿತ್ತದ್ದು ಹಿಡಿಕೆಯ ಬುಡದ ಹೊಲಿಗೆಯ ದಾರ! ಗಟ್ಟಿ ಬರಲೆಂದು ಹತ್ತಿಯ ಚೀಲವನ್ನೂ ಪಾಲಿಯೆಸ್ಟರ್ ದಾರದಲ್ಲೇ ಹೊಲಿಯುತ್ತಾರೆ. ಸುಂಕ ಎಷ್ಟೆಂದು ನಿರ್ಧಾರವಾಗುವುದು ಹೊರಮೈ ಬಟ್ಟೆಯ ಮೇಲೆ, ಹೊಲಿಗೆಯ ಮೇಲಲ್ಲ. ಹೊಸಬರಿಗೆ ಈ ಪಾಠವನ್ನು ಹೇಳಿಕೊಡುತ್ತಿದ್ದವನೇ ಅವನು.

ನಾಚಿಕೆಯಿಂದ ಕಿವಿ ಬಿಸಿಯಾದವು. ಸದ್ದಿಲ್ಲದೆ ‘ಹತ್ತಿ’ ಎಂದು ಮೊಹರು ಒತ್ತಿ ಕಳಿಸಿಬಿಟ್ಟರೆ ಯಾರು ಕೇಳುತ್ತಾರೆ? ಮೊಹರು ಕೈಗೂ ತೆಗೆದುಕೊಂಡ. ಆದರೆ ಅವಳು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡದ್ದು ಕಣ್ಣ ಮುಂದಿನಿಂದ ಹೋಗಲೊಲ್ಲದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆಯೂ ಅಲ್ಲ, ಒಂದೆಳೆ ನೂಲಿಗೆ ಅವಳ ಮಾನ ಹೋಗಿತ್ತು.

ಹೊರಗೆ ಬಂದು ಅವಳನ್ನು ಪೆಟ್ಟಿಗೆಗಳ ಮರೆಗೆ ಕರೆದ. “ತಪ್ಪಾಯ್ತಮ್ಮಾ. ನಾನು ಸುಟ್ಟಿದ್ದು ಹೊಲಿಗೆ ದಾರ. ನಿಮ್ಮ ಚೀಲ ಹತ್ತೀದೇ. ಈಗ್ಲೇ ಬಿಡಿಸಿಕೊಡ್ತೀನಿ, ತಗೊಂಡು ಹೋಗಿ.”

ಅವಳ ಮುಖ ಅರಳಲಿಲ್ಲ. “ಹತ್ತಿ ಅಂತ ನನಗೆ ಮೊದ್ಲೇ ಗೊತ್ತಿತ್ತು ಸರ್. ಗೊತ್ತಿಲ್ದೇ ಇರೋರು ಅಲ್ಲಿ ಕೂತಿದಾರೆ. ಅವರಿಗೆ ಹೇಳಿ.”

ಬೆಂಚು ಗೋದಾಮಿನ ಆ ತುದಿಯಲ್ಲಿತ್ತು. ಅಷ್ಟು ದೂರವೂ ಹಮಾಲರ ಕಣ್ಣು ಬೆನ್ನಿಗೆ ಚುಚ್ಚುತ್ತಿದ್ದಂತೆ ಅವನು ತಲೆ ತಗ್ಗಿಸಿ ನಡೆದ. ಮುದುಕಿಯ ಎದುರು ಬಗ್ಗಿ, ಗಂಟಲಲ್ಲೇ ಗೊಣಗಿದ. “ಅಮ್ಮಾ, ನಿಮ್ಮ ಸೊಸೆ ಹೇಳಿದ್ದೇ ನಿಜ. ತಪ್ಪು ನಂದು.”

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹಮಾಲರ ಕಡೆ ಕೈಯೆತ್ತಿ, “ಒಂಚೂರು ಕೆಲಸ ನಿಲ್ಲಿಸ್ರಪ್ಪಾ” ಎಂದರು. ಗೋದಾಮು ನಿಶ್ಶಬ್ದವಾಯಿತು.

“ಈಗ ಹೇಳಪ್ಪಾ,” ಎಂದರು. “ಆಗ ಕೂಗಿದ್ಯಲ್ಲ, ಅಷ್ಟೇ ಜೋರಾಗಿ.”