ಸುಣ್ಣ ಹಚ್ಚಿದ ಕಲ್ಲು

“ಅಕ್ಕಾ, ಸುಣ್ಣ ಹಚ್ಚಿದ ಕಲ್ಲೆಲ್ಲಾ ನಿನಗ ಪಾಂಡವ್ರಾಗೇ ಕಾಣಸ್ತಾವೇನ್ಬೇ? ಅವು ಪ್ಲಾಟಿನ ಕಲ್ಲು! ರಸ್ತಾದ ಗುರ್ತು! ಕಿತ್ತು ತಂದು ಗಿಡದ ಬುಡಕ್ಕ ಕುಂದರಿಸಿ ಕುಂಕುಮ ಹಚ್ಚೀಯಲ್ಲ, ನಿನಗೇನರ ಬುದ್ಧಿ ಅದ?”

ಧರ್ಮಣ್ಣನ ಕೂಗಿಗೆ ಬನ್ನಿಗಿಡದ ಮೇಲಿನ ಗೊರವಂಕಗಳು ಹಾರಿಹೋದವು. ಗಂಗುಬಾಯಿ ಕದಲಲಿಲ್ಲ. ಎಳ್ಳ ಅಮಾವಾಸ್ಯೆಗೆಂದು ನಿನ್ನೆ ಕರಜಗಿಯಿಂದ ಸಜ್ಜೆರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಯ ಬುಟ್ಟಿ ಹೊತ್ತು ಬಂದವಳು ಅವಳು. ಇಂದು ಊರಿಗೆ ಹೊರಡುವ ಮೊದಲು ಪಾಂಡವರಿಗೆ ಇನ್ನೊಮ್ಮೆ ನೀರು ಹಾಕೋಣವೆಂದು ಖಾಲಿ ಬುಟ್ಟಿ, ತಂಬಿಗೆ ಹಿಡಿದು ಬಂದರೆ, ತಮ್ಮ ಇಲ್ಲಿ ಬೆಂಕಿಯಾಗಿ ನಿಂತಿದ್ದ. ಪ್ರತಿವರ್ಷ ಈ ಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ತಂದ ಅಡುಗೆಯನ್ನು ಭೂಮಿತಾಯಿಗೆ ಚರಗವೆಂದು ಹೊಲದಲ್ಲಿ ಚೆಲ್ಲುವುದು ಮನೆತನದ ಪದ್ಧತಿ. ಆದರೆ ಹೊಲ ಈಗ ಹೊಲವಾಗಿರಲಿಲ್ಲ. ಜೇವರ್ಗಿ ಬೆಳೆದು ಬೆಳೆದು ಇಲ್ಲಿಗೇ ಬಂದು ಮುಟ್ಟಿತ್ತು. ಅಕ್ಕ-ತಮ್ಮನ ಪಾಲಿನ ಹೊಲ ‘ನಂದನ ಗ್ರಾಮ’ವಾಗುವುದಿತ್ತು. ‘ಗಿಡಗಳ ನಡುವೆ ನಿಮ್ಮ ಮನೆ’ ಎಂದು ರಸ್ತೆಗೆ ಹಚ್ಚಿ ಬೋರ್ಡು ನಿಂತಿತ್ತು.

“ಹೊಲದಾಗ ಒಂದರ ಕಲ್ಲು ಬಿಟ್ಟೀಯೇನೋ?” ಎಂದಳು ಗಂಗುಬಾಯಿ. “ಜೆಸಿಬಿ ತಂದು ಎಲ್ಲಾ ಬಳಕೊಂಡೀದಿ. ಐದು ಕಲ್ಲಿಗೆ ನಾ ಎಲ್ಲಿ ಹೋಗ್ಲಿ? ಸುಣ್ಣ ಹಚ್ಚಿಟ್ಟಿದ್ದು ನೋಡಿ, ಈ ಸರ್ತಿ ನನ್ನ ಕೆಲ್ಸ ತಮ್ಮನ ಮಾಡಿಟ್ಟಾನ ಅಂತ ಖುಷಿಪಟ್ಟೆ.”

“ಹೊಲದ ತುಂಬಾ ಸಾಲಿಗೆ ಹಚ್ಚಿಟ್ಟಿದ್ದೆ! ಪಾಂಡವ್ರು ಎಷ್ಟು ಮಂದಿಬೇ?”

“ಕೌರವ್ರೂ ಇರ್ಲಿ ಅಂತ ಇಟ್ಟಿರಬೇಕು ಅಂದ್ಕೊಂಡೆ.”

ಪಕ್ಕದಲ್ಲಿ ನಕಾಶೆಯ ಸುರುಳಿ ಹಿಡಿದಿದ್ದ ಸಂತೋಷಕುಮಾರ ಫಕ್ಕನೆ ನಕ್ಕ. ಬಡಾವಣೆಯ ಪ್ಲಾನು ಹಾಕಲು ಕಲಬುರಗಿಯಿಂದ ಬಂದವನು. ಧರ್ಮಣ್ಣ ತಿರುಗಿ ನೋಡಿದ್ದೇ ತಡ, ನಗು ನುಂಗಿಕೊಂಡ.

“ನೀನೂ ನಿನ್ನಿ ಉದ್ದಕ್ಕ ಅಡ್ಡಬಿದ್ದೆಲ್ಲೋ,” ಎಂದಳು ಅಕ್ಕ.

“ನಾ ಪಾಂಡವ್ರಿಗೆ ಅಡ್ಡಬಿದ್ದೆ. ಪ್ಲಾಟಿನ ಕಲ್ಲಿಗಲ್ಲ! ಇವತ್ತು ಸಾಲಿನ್ಯಾಗ ಐದು ಕಲ್ಲು ಇಲ್ಲದ್ದು ನೋಡಿದ ಮ್ಯಾಲೆ ಗೊತ್ತಾತು. ಈಗ ಗಿರಾಕಿ ಬರ್ತಾರ, ಎಲ್ಲಿಂದ ಎಲ್ಲೀತನಾ ತೋರಸ್ಲಿ? ಏ ಸಂತೋಷಕುಮಾರ, ಕೀಳಪ್ಪಾ ಅವನ್ನ.”

“ನಾನಾ?” ಸಂತೋಷಕುಮಾರ ಹಿಂದೆ ಸರಿದ. “ನಮ್ಮ ಮನ್ಯಾಗೂ ನಿನ್ನಿ ಚರಗ ಚೆಲ್ಯಾರ್ರಿ ಸಾವ್ಕಾರ್ರ. ಪೂಜಿ ಆದ ಕಲ್ಲಿಗೆ ನಾ ಕೈ ಹಚ್ಚಂಗಿಲ್ಲ. ನಿಮ್ಮ ಕಲ್ಲು, ನೀವೇ ಕೀಳ್ರಿ.”

ಧರ್ಮಣ್ಣ ಬುಸುಗುಡುತ್ತ ಗಿಡದತ್ತ ಹೋದ. ಹತ್ತಿರ ಹೋಗುತ್ತಲೇ ಕಾಲುಗಳು ತಾವಾಗಿ ಚಪ್ಪಲಿ ಬಿಟ್ಟವು. ಬರಿಗಾಲಲ್ಲಿ ನಿಂತಿದ್ದು ಗೊತ್ತಾಗಿ ಸಿಟ್ಟು ಇನ್ನಷ್ಟು ಏರಿತು. ಮತ್ತೆ ಚಪ್ಪಲಿ ಮೆಟ್ಟಿಕೊಂಡು ವಾಪಸು ಬಂದ.

“ಅಷ್ಟ್ಯಾಕ ಒದ್ದಾಡ್ತಿ?” ಎಂದಳು ಗಂಗುಬಾಯಿ. “ಬ್ಯಾರೆ ಕಲ್ಲು ತಂದು ಅಲ್ಲಿ ಹುಗಿ. ಇವು ಇಲ್ಲೇ ಇರ್ಲಿ. ತ್ವಾಟ ಹೆಂಗೂ ಈ ಗಿಡದ ಸುತ್ತೇ ಅಲ್ಲ? ತ್ವಾಟದಾಗ ಪಾಂಡವ್ರಿದ್ರ ಯಾರ ಗಂಟು ಹೋಗ್ತದ?”

ಸಂತೋಷಕುಮಾರ ಧರ್ಮಣ್ಣನ ಮುಖ ನೋಡಿದ. “ಅಕ್ಕಾರಿಗೆ ಹೇಳಿಲ್ಲೇನ್ರಿ?”

“ಏನು ಹೇಳಿಲ್ಲ?”

ಸಂತೋಷಕುಮಾರ ನಕಾಶೆ ಬಿಚ್ಚಲಿಲ್ಲ. ಸುರುಳಿಯಿಂದಲೇ ಹೊಲದ ಆಚೆ ತುದಿ ತೋರಿಸಿದ. ಅಲ್ಲಿ ಹಳ್ಳದ ದಂಡೆ, ಮಳೆಗಾಲದಲ್ಲಿ ಎತ್ತು ಇಳಿದರೂ ಹೂತುಹೋಗುವ ತಗ್ಗು. “ತ್ವಾಟ ಅಲ್ಲಿಗೆ ಸರದದ್ರಿ. ಇಲ್ಲಿ ಅಂಗಡಿ ಸಾಲು ಬರ್ತದ.”

ಹೊಲ ಬಿಟ್ಟುಕೊಡುವಾಗ ಗಂಗುಬಾಯಿ ಕೇಳಿದ್ದು ಒಂದೇ ಮಾತು. ಮನೆ ಎಷ್ಟಾದರೂ ಕಟ್ಟಿಸು, ಬನ್ನಿಗಿಡದ ಸುತ್ತ ತೋಟ ಮಾಡು, ಅಮಾವಾಸ್ಯೆಗೊಮ್ಮೆ ಬಂದು ಚರಗ ಚೆಲ್ಲಿ ಹೋಗುತ್ತೇನೆ. ತಮ್ಮ ಇದೇ ಗಿಡ ಮುಟ್ಟಿ ಹೂಂ ಅಂದಿದ್ದ.

“ರೋಡಿಗೆ ಹತ್ತಿದ ಜಾಗಾ ಅಕ್ಕಾ,” ಧರ್ಮಣ್ಣನ ದನಿ ಇಳಿಯಿತು. “ಇಲ್ಲಿ ಗುಲಾಬಿ ಹಚ್ಕೊಂಡು ಕುಂದ್ರಾಕ ಬರ್ತದೇನು? ಗಿಡ ಎಲ್ಲಿ ಹಚ್ಚಿದ್ರೂ ಬೆಳೀತಾವ.”

“ಈ ಗಿಡ?”

ಅವನು ಹಳ್ಳದ ಕಡೆ ನೋಡಿದ.

“ನಿನ್ನೇ ಕೇಳಾಕತ್ತೇನಿ. ಈ ಗಿಡ?”

“ಕಡೀಬೇಕಾಗ್ತದ! ಮತ್ತೇನು, ಕೊಳ್ಳಾಗ ಕಟ್ಕೊಂಡು ಅಡ್ಡಾಡ್ಲಿ?”

ಗಂಗುಬಾಯಿ ತಂಬಿಗೆ ಕೆಳಗಿಟ್ಟಳು. ಗಿಡದ ಬುಡದಲ್ಲಿ ಕುಳಿತಳು. ತೆಂಗಿನಕಾಯಿಯಷ್ಟು ದೊಡ್ಡ ಮೊದಲ ಕಲ್ಲನ್ನು ಅಲುಗಿಸಿ ಕಿತ್ತಳು. ತಂಬಿಗೆಯ ನೀರು ಹಾಕಿ, ಅರಿಷಿಣ ಕುಂಕುಮವನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೊಳೆದಳು. ಎದ್ದು ತಮ್ಮನ ಕೈಯಲ್ಲಿಟ್ಟಳು.

“ತಗೋ. ಪ್ಲಾಟಿನ ಕಲ್ಲು.”

ಧರ್ಮಣ್ಣ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡ ಮೇಲೆ ಏನು ಮಾಡಿದೆನೆಂದು ತಿಳಿಯಿತು. ಅಕ್ಕ ಅದನ್ನು ನೋಡಿದಳು. ಉಳಿದ ಕಲ್ಲುಗಳನ್ನೂ ಕಿತ್ತು, ತೊಳೆದು, ಅವನ ಚಪ್ಪಲಿಯ ಮುಂದೆ ಇಟ್ಟಳು. ತಂಬಿಗೆಯಲ್ಲಿ ಉಳಿದ ನೀರನ್ನು ಗಿಡದ ಬುಡಕ್ಕೆ ಸುರಿದು, ಖಾಲಿ ಬುಟ್ಟಿ ಎತ್ತಿಕೊಂಡು ಹೆದ್ದಾರಿಯ ಕಡೆ ನಡೆದಳು.

“ಅಕ್ಕಾ, ತಡಿ! ಗಾಡಿ ಮ್ಯಾಲೆ ಬಿಡ್ತೇನಿ! ಉಂಡರ ಹೋಗು!”

ಅವಳು ತಿರುಗಲಿಲ್ಲ. ಅಫಜಲಪುರದ ಬಸ್ಸಿಗೆ ಕೈ ಮಾಡಿ ಹತ್ತಿದಳು. ಆಮೇಲೆ ಯಾವ ಅಮಾವಾಸ್ಯೆಗೂ ಜೇವರ್ಗಿಗೆ ಬರಲಿಲ್ಲ.

ಅಂದು ಬಸ್ಸಿನ ಧೂಳು ಇಳಿಯುವ ಮೊದಲೇ ಗಿರಾಕಿಗಳ ಕಾರು ಬೋರ್ಡಿನ ಹತ್ತಿರ ನಿಂತಿತು. ಇಳಿದ ಹೆಂಗಸು ಬೋರ್ಡು ಓದಿ, ಸುತ್ತ ನೋಡಿ, ಮೊದಲು ಕೇಳಿದ್ದೇ ಅದು: “ತ್ವಾಟ ಎಲ್ಲದ್ರಿ?”

ಸಂತೋಷಕುಮಾರ ಹಳ್ಳದ ಕಡೆ ಸುರುಳಿ ಎತ್ತುವಷ್ಟರಲ್ಲಿ, ಒದ್ದೆ ಕಲ್ಲು ಹಿಡಿದಿದ್ದ ಧರ್ಮಣ್ಣನ ಕೈ ಬನ್ನಿಗಿಡದ ಕಡೆ ತಾನಾಗಿಯೇ ಎದ್ದುಬಿಟ್ಟಿತ್ತು.