ಭಟ್ಟರ ಬಾಯಿಗೆ ಬೆಳಕು

ತಮ್ಮ ಮಗಳ ಮದುವೆಯ ಅಡುಗೆಗೆ ಒಪ್ಪಿಕೊಂಡಿದ್ದ ಭಟ್ಟರೇ ರೋಗಿಯಾಗಿ ಬಂದು ಕುರ್ಚಿಯಲ್ಲಿ ಕೂತಾಗ ಹಲ್ಲಿನ ಡಾಕ್ಟರಮ್ಮನ ಎದೆ ಧಸಕ್ಕೆಂದಿತು. ವರ್ಷಗಳಿಂದ ಬಾಯಿಯ ಒಳಗೆಲ್ಲ ಉರಿಯೂತವಂತೆ. ಚೂರು ಖಾರ ತಾಗಿದರೂ ಕಣ್ಣಲ್ಲಿ ನೀರು. ಇಂಥ ನಾಲಿಗೆ ಸಾರಿನ ಹದ ಹೇಗೆ ನೋಡೀತು?

"ಮದುವೆಯೊಳಗೆ ವಾಸಿ ಮಾಡ್ಬಿಡಿ ತಾಯಿ," ಎಂದು ಭಟ್ಟರು ಗೋಗರೆದರು.

ಡಾಕ್ಟರಮ್ಮ ಬೇರೆ ರೋಗಿಗಳನ್ನು ಕಾಯಿಸಿ, ವಾರವಾರವೂ ಭಟ್ಟರಿಗೆ ಕಪ್ಪು ಕನ್ನಡಕ ಹಾಕಿಸಿ, ಬಾಯೊಳಗೆ ಉರಿ ಇಳಿಸುವ ಲೇಸರಿನ ಕೆಂಪು ಬೆಳಕು ಹಾಯಿಸಿದರು. ಚಪ್ಪರ ಹಾಕುವ ಹೊತ್ತಿಗೆ ಉರಿ ಇಳಿದಿತ್ತು.

"ಸದ್ಯ, ಬದುಕಿದೆ. ಇನ್ನು ಉಪ್ಪು ಖಾರ ಧೈರ್ಯವಾಗಿ ರುಚಿ ನೋಡಿ ಭಟ್ರೇ."

ಭಟ್ಟರು ಕನ್ನಡಕ ತೆಗೆದರು. "ಶಾಂತಂ ಪಾಪಂ. ನೈವೇದ್ಯಕ್ಕೆ ಮುಂಚೆ ರುಚಿ ನೋಡೋದುಂಟೇನಮ್ಮ? ನಮ್ಮಪ್ಪನ ಕಾಲದಿಂದ ವಾಸನೆಯಲ್ಲೇ ಹದ ತಿಳ್ಕೊಳ್ಳೋರು ನಾವು."

ಡಾಕ್ಟರಮ್ಮ ಕಕ್ಕಾಬಿಕ್ಕಿಯಾದರು. "ಮತ್ತೆ ಮದುವೆಯೊಳಗೆ ವಾಸಿಯಾಗ್ಲೇಬೇಕು ಅಂತ ಅಷ್ಟು ಅವಸರ ಮಾಡಿದ್ರಲ್ಲ?"

"ಬಡಿಸೋರನ್ನ ಬಾಯ್ತುಂಬ ಬೈಯದೆ ಮದುವೆ ಊಟ ಮುಗಿಯುತ್ತೇನಮ್ಮ?"